ಬಾಗಿಲ ಪಕ್ಕದ ಕುರ್ಚಿ

ಮೂಗಿನ ತುದಿ ತುರಿಸುತ್ತಿದೆ, ಈಗಲೇ ತುರಿಸಬೇಕೇ ಇದಕ್ಕೆ, ಅಲ್ಲಾಡಬೇಡಿ ಅಂದಿದ್ದಾರೆ, ಅಲ್ಲಾಡಿದರೆ ಮಿದುಳಿನ ಚಿತ್ರ ಕಲಸಿಹೋಗುತ್ತದಂತೆ, ಅವಳಿಗೆ ನಗು ಬಂತು — ಮೊದಲೇ ಕಲಸಿಹೋದದ್ದು ತಾನೇ, ಅದಕ್ಕೇ ಅಲ್ಲವೇ ಈ ಸ್ಕ್ಯಾನಿಂಗ್ ಕೊಳವೆಯೊಳಗೆ ಮಲಗಿಸಿರುವುದು, ಎಕ್ಸ್‌ಟಸಿ ಅನ್ನೋ ಅಮಲಿನ ಮಾತ್ರೆ ನುಂಗಿ ಕುಣಿದವರ ಮಿದುಳಿಗೆ ಪೆಟ್ಟಾಗಿದೆಯೇ, ಆಗಿದ್ದರೆ ಮಾಯುತ್ತದೆಯೇ ಎಂದು ನೋಡಲು. ಡಗ್ ಡಗ್ ಡಗ್, ಯಂತ್ರ ಬಡಿಯುತ್ತಿದೆ, ಥೇಟ್ ಆ ಡ್ಯಾನ್ಸ್ ಕ್ಲಬ್ಬಿನ ಸದ್ದು, ಆಗ ಆ ಸದ್ದಿಗೆ ಜಗತ್ತೆಲ್ಲ ತನ್ನ ನೆಂಟರೇ ಅನ್ನಿಸುತ್ತಿತ್ತು, ಗುರುತಿಲ್ಲದವರ ಕೆನ್ನೆ ಹಿಡಿದು ಮುದ್ದಾಡಿದ್ದಳು, ಆಮೇಲೆ ಮಳೆ, ಅಕ್ಕನ ಒದ್ದೆ ಭುಜ — ಬೇಡ, ಅತ್ತ ಹೋಗಬೇಡ, ಪದಗಳನ್ನು ಹಿಡಿದುಕೋ. ಬೆಳಿಗ್ಗೆ ಸಂಶೋಧಕಿ ಓದಿ ಹೇಳಿದ ಪದಗಳು, ಕೊಳವೆಯೊಳಗೇ ಕೇಳ್ತೀನಿ, ಜ್ಞಾಪಕ ಇಟ್ಕೊಳ್ಳಿ. ಹೋದ ವರ್ಷ ಅರ್ಧದಷ್ಟೂ ಬರಲಿಲ್ಲ. ಈ ಸಲ ಅಕ್ಕ ಉಪಾಯ ಹೇಳಿಕೊಟ್ಟಿದ್ದಾಳೆ, ನಮ್ಮ ಸಲೂನಿನ ಕುರ್ಚಿ ಮೇಲೆ ಒಂದೊಂದನ್ನೇ ಕೂರಿಸು ಕಣೇ, ಗಿರಾಕೀನ ಯಾರಾದ್ರೂ ಮರೀತಾರಾ? ಇವಳು ಮರೆತಿದ್ದಳಲ್ಲ, ಬಲಗಡೆ ಕೂದಲು ಕತ್ತರಿಸಿ, ಮಾತಾಡುತ್ತ ಮತ್ತೆ ಬಲಗಡೆಯೇ ಕತ್ತರಿಸಿ, ಆ ಟೀಚರಮ್ಮ ಕನ್ನಡಿ ನೋಡಿಕೊಂಡು ಸಲೂನು ಹಾರಿಹೋಗುವಂತೆ ಕಿರುಚಿದ್ದು! ಅವತ್ತು ಅಕ್ಕ ಕತ್ತರಿ ಕಿತ್ತುಕೊಂಡು ಬೀರುವಿನಲ್ಲಿಟ್ಟಳು, ಅಂದಿನಿಂದ ಇವಳು ತಲೆ ತೊಳೆಯುವವಳು, ಬಿದ್ದ ಕೂದಲು ಗುಡಿಸುವವಳು. ಎಲ್ಲಾ ಪದ ಹೇಳಿ ಬಾ, ಕತ್ತರಿ ನಿಂದೇ — ಇವತ್ತು ಬರುವಾಗ ಬಸ್ಸಿನಲ್ಲಿ, ಕಿಟಕಿಯಾಚೆ ನೋಡುತ್ತ ಅಂದಳು, ಅಕ್ಕ ಯಾವುದನ್ನೂ ಮುಖ ನೋಡಿ ಹೇಳುವವಳಲ್ಲ.

ಮೊದಲ ಕುರ್ಚಿಯಲ್ಲಿ ಬೆಕ್ಕು, ಮೀಸೆ ಟ್ರಿಮ್ ಮಾಡಿಸಲು ಬಂದಿದೆ, ಪಕ್ಕದಲ್ಲಿ ಗಡಿಯಾರ, ಆಮೇಲೆ ಬೆಣ್ಣೆ, ಡ್ರೈಯರ್ ಹಿಡಿದರೆ ಕರಗಿಬಿಡುತ್ತೆ ಹುಷಾರು, ಏಣಿ ಕನ್ನಡಿಗೆ ಒರಗಿದೆ, ಸೂಜಿ ಕೂತವರಿಗೆ ಚುಚ್ಚುತ್ತದೆ, ಕುದುರೆಗೆ ಜಡೆ ಹೆಣೆಯಬೇಕು, ತೊಟ್ಟಿಲು ತೂಗುತ್ತಿದೆ — ಬಾಗಿಲ ಪಕ್ಕದ ಕುರ್ಚಿ ಖಾಲಿ. ಯಾರೋ ಕೂತಿದ್ದರು, ಎದ್ದು ಹೋದರು. ಡಗ್ ಡಗ್. ಅಕ್ಕನ ಒದ್ದೆ ಭುಜ. ಮತ್ತೆ ಇದೇ, ಆ ರಾತ್ರಿಯದು ಉಳಿದದ್ದು ಇಷ್ಟೇ, ಮೈ ಕೆಂಡ, ಹಲ್ಲು ಕಚ್ಚಿಕೊಂಡಿದೆ, ಕರೆದೊಯ್ಯಲು ಬಂದ ಅಕ್ಕನನ್ನೇ ನೀವ್ಯಾರು ಅಂದಳಂತೆ, ಮತ್ತೆ ಆ ಎಡ ಭುಜ, ನೆಂದು ತೊಪ್ಪೆಯಾದದ್ದು ಅದೊಂದೇ, ಬಲಗಡೆ ಒಣಗಿಯೇ ಇತ್ತು. ದಾರಿಯುದ್ದಕ್ಕೂ ಅಕ್ಕ ಮುಖ ಆಚೆ ತಿರುಗಿಸಿಕೊಂಡೇ ನಡೆದಳು, ಹೇಸಿಕೊಂಡಿದ್ದಾಳೆ ಎಂದುಕೊಂಡೇ ಇಷ್ಟು ದಿನ ತಲೆ ತಗ್ಗಿಸಿ ಗುಡಿಸಿದ್ದಾಳೆ. ಈ ಮರೆವು ಮಾತ್ರೆಯೊಂದೇ ಮಾಡಿದ್ದೋ, ನಿದ್ದೆಗೆಟ್ಟಿದ್ದೂ ಸೇರಿದೆಯೋ, ಇನ್ನೂ ಗೊತ್ತಿಲ್ಲಮ್ಮ, ಅದನ್ನೇ ಹುಡುಕ್ತಿರೋದು, ಆದ್ರೆ ಮಾತ್ರೆ ಬಿಟ್ಟವರಲ್ಲಿ ಕೆಲವರು ಸುಧಾರಿಸೋ ಹಾಗೆ ಕಾಣ್ತಿದೆ — ಸಂಶೋಧಕಿಯ ಆ ಕೆಲವರಲ್ಲಿ ತಾನೂ ಒಬ್ಬಳಾಗಬಾರದೇ, ಎಷ್ಟು ಆಸೆ ಅವಳಿಗೆ, ಹೇಳಿಕೊಳ್ಳಲು ನಾಚಿಕೆ. ಸದ್ದು ನಿಂತಿತು. ಕಿವಿಯಲ್ಲಿ ದನಿ, ಈಗ ಹೇಳಿ, ಅವಸರ ಇಲ್ಲ. ಬೆಕ್ಕು, ಗಡಿಯಾರ, ಬೆಣ್ಣೆ, ಏಣಿ, ಸೂಜಿ, ಕುದುರೆ, ತೊಟ್ಟಿಲು — ಇನ್ನೊಂದಿದೆ, ತಡೀರಿ, ಬಾಗಿಲ ಪಕ್ಕ, ಅಲ್ಲಿ ನೆಲ ಒದ್ದೆ, ನೀರು ತೊಟ್ಟಿಕ್ಕುತ್ತಿದೆ, ಮಳೆಗೇನು ಎಡ ಬಲ ಗೊತ್ತೇ, ಒಂದೇ ಭುಜ ಯಾಕೆ ನೆನೆಯಿತು, ಅಕ್ಕ ಇವಳ ಎಡಗಡೆ ನಡೆಯುತ್ತಿದ್ದಳು, ಅಷ್ಟು ಮಳೆ, ಇವಳ ಕೂದಲು ಮಾತ್ರ ಒಣಗಿತ್ತು, ಒಂದು ಹನಿಯೂ ಬಿದ್ದಿರಲಿಲ್ಲ, ಅಯ್ಯೋ ಅಕ್ಕಾ — ಕೊಡೆ, ಅಂದಳು, ಕೊಡೆ ಕಣ್ರೀ, ಕೊಡೆ! ಸರಿ, ಎಲ್ಲಾ ಬಂತು, ದನಿಯೂ ನಗುತ್ತಿದೆ, ಇನ್ನು ಅಲ್ಲಾಡಬಹುದು, ಅಲ್ಲಾಡಲಿಲ್ಲ, ಕಣ್ಣೀರು ಕಿವಿಯತ್ತ ಇಳಿಯುತ್ತಿದೆ, ಕತ್ತರಿ ಇರಲಿ, ಆಮೇಲೆ ಕೇಳಿದರಾಯಿತು — ತನ್ನ ಕಡೆಗೇ ವಾಲಿದ ಕೊಡೆ, ಅಕ್ಕನ ಒದ್ದೆ ಭುಜ.