ಕೋವಿಯ ಬಾಯಿಗೆ ಚೆಂಡುಹೂವು

ಆಯುಧಪೂಜೆಯ ದಿನ ನಮ್ಮತ್ತೆಗೆ ಕಬ್ಬಿಣ ಕಂಡರೆ ಸಾಕು, ಅರಿಶಿನ ಕುಂಕುಮ ಮೆತ್ತುತ್ತಾರೆ. ಕಾರು, ಮಿಕ್ಸಿ ಆದಮೇಲೆ ಮಾವನವರ ಲೈಸೆನ್ಸ್ ಕೋವಿಯ ಸರದಿ. ಈ ಸಲ ಚೆಂದ ಕಾಣಲೆಂದು ನಳಿಗೆಯ ಬಾಯಿಗೆ ಚೆಂಡುಹೂವನ್ನೂ ತುರುಕಿದ್ದರು. ಅದು ಒಳಕ್ಕೆ ಜಾರಿದ್ದನ್ನು ಯಾರೂ ಗಮನಿಸಲಿಲ್ಲ.

ಪೂಜೆ ಮುಗಿದೊಡನೆ ಮಾವ ನಳಿಗೆ ನೋಡದೆ ತೋಟಾ ತುಂಬಿ ಅಂಗಳಕ್ಕೆ ಬಂದರು. ನಮ್ಮ ಪುಟ್ಟೇನಹಳ್ಳಿ ಬರೀ ಹೊಲವಾಗಿದ್ದಾಗ ಅವರಪ್ಪ ಹೀಗೇ ಆಕಾಶಕ್ಕೆ ಗುಂಡು ಹಾರಿಸುತ್ತಿದ್ದರಂತೆ. ಈಗ ಸುತ್ತಲೂ ಅಪಾರ್ಟ್‌ಮೆಂಟು. ಬೇಡವೆಂದ ನನ್ನ ಮಾತು ಅವರ ಕಿವಿಗೇ ಬೀಳಲಿಲ್ಲ.

ಊಟಕ್ಕೆ ಕರೆದಿದ್ದ ಪಕ್ಕದ ಮನೆಯ ನಿವೃತ್ತ ಸೈನಿಕ ಖಾದರ್ ಬಾಷಾ ಅವರು ಆಗಲೇ ಗೇಟು ದಾಟಿ ಬಂದರು.

"ಟ್ರಿಗರ್‌ನಿಂದ ಬೆರಳು ತೆಗೀರಿ ಗೌಡ್ರೇ. ಸಂಭ್ರಮಕ್ಕೆ ಗುಂಡು ಹಾರಿಸಿದ್ರೆ ಜೈಲು. ಮೇಲೆ ಹೋಗಿದ್ದು ಯಾರ್ದೋ ತಲೆ ಮೇಲೆ ಬೀಳತ್ತೆ."

ಕೋವಿಯನ್ನು ಈಸಿಕೊಂಡು, ನಳಿಗೆಯ ಬುಡದಲ್ಲಿ ಮಡಚಿ, ತೋಟಾ ತೆಗೆದು ನಳಿಗೆಯಲ್ಲಿ ಇಣುಕಿದರು. ಒಳಗೆ ಬೆಳಕು ಕಾಣಲಿಲ್ಲ. ಕಡ್ಡಿಯಿಂದ ತಳ್ಳಿದಾಗ ಹೂವು ಬಿತ್ತು.

"ಹಾರ್ಸಿದ್ದಿದ್ರೆ ನಳಿಗೆ ಸಿಡಿದು ಕೈಯೇ ಹೋಗ್ತಿತ್ತು."

ಅತ್ತೆ ಬಿದ್ದ ಹೂವನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡರು.

ಯಾರಿಗೂ ಎಂದೂ ಬಡಿಸದ ಮಾವ ಅಂದು ಹೋಳಿಗೆ ತಟ್ಟೆ ಹಿಡಿದು ಬಂದರು. ಖಾದರ್ ಅವರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರು.

"ಬ್ಯಾಡ ಅನ್ಬೇಡಪ್ಪ," ಎಂದರು ಮಾವ. "ಬಡ್ಸಾಕೆ ಕೈ ಐತಲ್ಲ."