ಬೆವರದ ಮೈ

"ನಾಟಕ ಸಾರ್, ಬರೀ ನಾಟಕ. ಬೇಕಾದ್ರೆ ನೋಡಿ, ಬೋಳಿಮಗನ ಮೈಮೇಲೆ ಒಂದ್ ಹನಿ ಬೆವರಿದ್ಯಾ?"

ಹೀಗೆ ಹೇಳಿದ ಧಣಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನನ್ನ ಹೆಂಡತಿ ಕೊಟ್ಟ ಅರ್ಜಿಯ ಮೇಲೆ ನನ್ನನ್ನು ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಕಾರ್ಮಿಕ ಇಲಾಖೆಯ ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿ, ಅದನ್ನು ಹಿಂಡಿ, ಮತ್ತೆ ಒರೆಸಿಕೊಂಡರು. ತಾರಸಿ ಮೇಲಿನ ನಮ್ಮ ತಗಡಿನ ಕೋಣೆಯಲ್ಲಿ ಆ ಮಧ್ಯಾಹ್ನ ಬೆವರದೆ ಇದ್ದವನು ನಾನೊಬ್ಬನೇ. ಮಂಚದ ಮೇಲೆ ಬಿದ್ದಿದ್ದೆ. ಮುಖ ಧಗಧಗ ಉರಿಯುತ್ತಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಹತ್ತಿತ್ತು.

ಸಾಹೇಬರು ಬಗ್ಗಿ ನನ್ನ ಹಣೆ ನೋಡಿದರು. ಮುಟ್ಟಲಿಲ್ಲ. "ಹೌದಲ್ರೀ, ಒಣಗೇ ಇದಾನೆ. ನಾನಿಲ್ಲಿ ಸ್ನಾನ ಮಾಡ್ದಂಗಾಗಿದೀನಿ, ಇವನಿಗೆ ಸೆಕೇನೇ ಆಗ್ತಿಲ್ಲ."

"ಮುಟ್ಟಿ ನೋಡಿ ಸ್ವಾಮಿ," ಎಂದಳು ನನ್ನ ಹೆಂಡತಿ. "ಕತ್ತು ಮುರಿದ್ಮೇಲೆ ಇವ್ರಿಗೆ ಬೆವರೇ ಬರಲ್ಲ. ಬರ್ದೆ ಇರೋದಕ್ಕೇ ಒಳಗೊಳಗೇ ಬೇಯ್ತಾರೆ. ಹಿಂಗೇ ಬಿಟ್ರೆ ಜೀವ ಹೋಗುತ್ತೆ. ಕೆಳಗಿನ ರೂಮು ಕೊಡ್ಸಿ."

"ಬೆವರೋದಕ್ಕೂ ಸೋಮಾರಿತನ ನನ್ಮಗನಿಗೆ," ಎಂದು ಧಣಿ ನಕ್ಕರು. ಸಾಹೇಬರೂ ನಕ್ಕರು. ಸುಳ್ಳೇಕೆ ಹೇಳಲಿ, ನನಗೂ ನಗು ಬಂತು. ಬೆವರು ಸುರಿಸ್ರೋ ಎಂದು ಇದೇ ಬಾಯಲ್ಲಿ ಬೈಸಿಕೊಂಡು ಈ ಕಟ್ಟಡದ ಗೋಡೆಗೆಲ್ಲ ಗಾರೆ ಮೆತ್ತಿದವನು ನಾನು. ನನ್ನ ಪಾಲಿನದನ್ನೆಲ್ಲ ಆಗಲೇ ಸುರಿಸಿ ಮುಗಿಸಿಬಿಟ್ಟೆನೋ ಏನೋ.

ಮೂರನೇ ಮಹಡಿಗೆ ಗಾರೆ ಮಾಡಲು ಕಟ್ಟಿದ್ದ ಸಾರುವೆಯಲ್ಲಿ ನಾನು ನಿಂತಿದ್ದ ಹಲಗೆ ಜಾರಿತ್ತು. ಬಿದ್ದ ಮೇಲೆ ಕತ್ತಿನಿಂದ ಕೆಳಗೆ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಧಣಿ ದೊಡ್ಡ ಮನಸ್ಸು ಮಾಡಿ, ಸಿಮೆಂಟ್ ಚೀಲ ಇಡುತ್ತಿದ್ದ ಈ ಕೋಣೆಯನ್ನು ಬಿಟ್ಟುಕೊಟ್ಟರು. ತಗಡು ಕಾದರೆ ನಾನೂ ಕಾಯುತ್ತೇನೆ, ತಗಡು ತಣ್ಣಗಾದರೆ ನಾನೂ ತಣ್ಣಗಾಗುತ್ತೇನೆ. ಹೊಸ ಗಾರೆ ಬಿರುಕು ಬಿಡದಿರಲೆಂದು ನಾನು ಗೋಡೆಗೆ ನೀರು ಹೊಡೆಯುತ್ತಿದ್ದೆನಲ್ಲ, ಈಗ ಇವಳು ನನಗೆ ಹೊಡೆಯುತ್ತಾಳೆ. ಒದ್ದೆ ಬಟ್ಟೆ ಹೊದಿಸುತ್ತಾಳೆ, ರಟ್ಟಿನಲ್ಲಿ ಬೀಸುತ್ತಾಳೆ, ಬಟ್ಟೆ ಒಣಗಿದರೆ ಮತ್ತೆ ನೆನೆಸುತ್ತಾಳೆ. ಗೋಡೆಯಾದರೆ ಗಟ್ಟಿಯಾದ ಮೇಲೆ ಬಿಡಬಹುದು.

ಕೆಳಗೆ ಧಣಿಯ ಆಫೀಸಿನ ಪಕ್ಕ ತಂಪಾದ ರೂಮೊಂದು ಖಾಲಿ ಇದೆ. ಖಾಲಿ ಎನ್ನುವುದು ತಪ್ಪು, ಕಟ್ಟಡಕ್ಕೆ ಹಾಕಿ ಉಳಿದ ಕಮೋಡುಗಳು ಅಲ್ಲಿವೆ. ಅವಕ್ಕೆ ಬಿಸಿಲು ತಾಗಬಾರದಂತೆ.

"ಇದರಲ್ಲಿ ನಾನು ಮಾಡೋದೇನಿಲ್ಲಮ್ಮ. ಕಣ್ಣಿಗೆ ಕಂಡದ್ದಷ್ಟೇ ನಾನು ಬರೆಯೋದು," ಎಂದು ಸಾಹೇಬರು ಮೆಟ್ಟಿಲ ಕಡೆ ತಿರುಗಿದರು.

"ಅಷ್ಟೇ ಅಲ್ಲ ಸಾರ್, ದಿನಾ ಟ್ಯಾಂಕ್ ನೀರೆಲ್ಲ ಇವನ ಮೈಮೇಲೆ ಸುರೀತಾಳೆ," ಎಂದ ಧಣಿ, ಹೋಗುವಾಗ ತಾರಸಿಯ ನಲ್ಲಿಯ ಹಿಡಿಯನ್ನೇ ಕಳಚಿ ಜೇಬಿಗೆ ಹಾಕಿಕೊಂಡರು.

ಬಕೆಟ್ಟಿನ ತಳದಲ್ಲಿ ಒಂದು ಚೊಂಬು ನೀರಿತ್ತು. ಇವಳು ಅದರಲ್ಲಿ ಬಟ್ಟೆ ಅದ್ದಿ ನನ್ನ ಎದೆಗೆ ಹಾಕಿದಳು. ನನ್ನ ಕಣ್ಣು ಮಂಜಾಗುತ್ತಿತ್ತು, ಮಾತು ತೊದಲುತ್ತಿತ್ತು. ಹೆದರಿಕೆಯಾಯಿತು ನನಗೆ, ಚೆನ್ನಾಗಿಯೇ ಆಯಿತು. ಇವಳು ತಾರಸಿಯ ಅಂಚಿಗೆ ಹೋಗಿ, ಪಕ್ಕದ ಕಟ್ಟಡದಲ್ಲಿ ಗಾರೆ ಮಾಡುತ್ತಿದ್ದ ತನ್ನ ತಮ್ಮ ಗಿಡ್ಡನನ್ನು ಕೂಗಿದಳು.

"ಜೊತೆಗೊಬ್ಬನ್ನ ಕರ್ಕೊಂಡು ಹಲಗೆ ತಗೊಂಬಾರೋ."

ಇಬ್ಬರೂ ಓಡಿ ಬಂದರು. "ಎಲ್ಲಿಗಕ್ಕಾ, ಆಸ್ಪತ್ರೆಗಾ?"

"ಅಲ್ಲಿಂದ ತಿರುಗಿ ಈ ಒಲೆಗೇ ಬರ್ಬೇಕಲ್ಲ. ಧಣಿ ಆಫೀಸಿಗೆ ನಡೀರಿ."

"ಅದೇ ಹಲಗೇನೇನೋ ಗಿಡ್ಡ?" ಎಂದೆ.

"ಅದೇ ಭಾವ. ಈ ಸಲ ಹಗ್ಗ ಕಟ್ತೀವಿ, ಹೆದರ್ಬೇಡ."

ಆಫೀಸಿನಲ್ಲಿ ಏಸಿ ಓಡುತ್ತಿತ್ತು. ಸಾಹೇಬರು ಜ್ಯೂಸ್ ಕುಡಿಯುತ್ತಿದ್ದರು.

"ಎಲ್ಲಿಗ್ರೋ ತರ್ತೀರಾ ಹೆಣಾನಾ?" ಎಂದು ಧಣಿ ಎದ್ದರು.

"ಇನ್ನೂ ಆಗಿಲ್ಲ ಧಣಿ," ಎಂದೆ.

ಗ್ಲಾಸು ಸರಿಸಿ, ಮೇಜಿನ ಮೇಲೆ ಹಲಗೆ ಸಮೇತ ನನ್ನನ್ನು ಇಟ್ಟರು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಆಹಾ, ಎಂಥ ಸುಖ. ಧಣಿ ಬೈಯುತ್ತಲೇ ಇದ್ದರು, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆದರೆ ನನ್ನ ಮೈಗೆ ಸುಖವೂ ಅತಿಯಾಗಬಾರದು. ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಎಂದವು. ಇವಳು ಒದ್ದೆ ಬಟ್ಟೆ ಕಿತ್ತೆಸೆದು, ಕಿಟಕಿಯ ಪರದೆ ಎಳೆದು ನನಗೆ ಹೊದಿಸಿ, ಏಸಿ ಆರಿಸಿದಳು.

"ಬಾಗಿಲು ಹಾಕೋ ಗಿಡ್ಡ. ಹೊರಗಿಂದ ಬಿಸಿಗಾಳಿ ನುಗ್ಗುತ್ತೆ."

ಗಿಡ್ಡ ಬಾಗಿಲು ಹಾಕಿ ಅದಕ್ಕೇ ಒರಗಿ ಕೂತ. ಅವನ ಜೊತೆಯವನೂ ಕೂತ.

"ಏಸಿ ಹಾಕೇ ಮುಂಡೆ," ಎಂದರು ಧಣಿ.

"ಹಾಕಿದ್ರೆ ಇವ್ರಿಗೆ ಚಳಿ."

"ಮೇಲಕ್ಕೆ ಹೊತ್ಕೊಂಡ್ ಹೋಗ್ರಿ ಹಂಗಾದ್ರೆ."

"ಮೇಲೆ ಸೆಕೆ. ಪಕ್ಕದ ರೂಮಿನ ಬೀಗದ ಕೈ ಕೊಡಿ, ಈಗ್ಲೇ ಹೋಗ್ತೀವಿ."

"ಪೊಲೀಸ್ರನ್ನ ಕರೀತೀನಿ."

"ಕರೀರಿ. ಅವ್ರೂ ಕೂತ್ಕೊಳ್ಲಿ."

ಆರು ಜನರ ಉಸಿರಿಗೆ ಆ ಚಿಕ್ಕ ಕೋಣೆ ಬೇಗ ಬಿಸಿಯಾಯಿತು. ಸಾಹೇಬರ ಕರವಸ್ತ್ರ ಮತ್ತೆ ಹೊರಗೆ ಬಂತು. "ಕೊಟ್ಬಿಡ್ರೀ ಅತ್ಲಾಗೆ," ಎಂದು ಗೊಣಗಿದರು. ಧಣಿ ಬೀಗದ ಕೈಯಿದ್ದ ಜೇಬನ್ನು ಒತ್ತಿ ಹಿಡಿದುಕೊಂಡು ನನ್ನ ಮುಖದ ಮೇಲೆ ಬಗ್ಗಿದರು. "ಏಯ್, ನಿನ್ ಹೆಂಡ್ತಿಗೆ ಹೇಳೋ." ಅವರ ಮೂಗಿನ ತುದಿಯಲ್ಲಿ ತೂಗುತ್ತಿದ್ದ ಹನಿ ಟಪ್ಪನೆ ನನ್ನ ಹಣೆಗೆ ಬಿತ್ತು. ಒರೆಸಲು ಇವಳು ಕೈ ಚಾಚಿದಳು.

"ಇರ್ಲಿ ಬಿಡೇ," ಎಂದೆ. "ಸಾಹೇಬ್ರೇ, ಈಗ ಬಂದು ನೋಡಿ. ನನ್ ಹಣೆ ಮೇಲೂ ಬೆವರಿದೆ. ಬರ್ಕೊಳ್ಳಿ."