ಸಾಲಿನ ಕೊನೆಯ ಜಾಗ

ಮೂರನೇ ಸಲ ಅಡುಗೆಮನೆಯ ಬಾಗಿಲು ತಟ್ಟಿದ ಲಿಂಗ, ಈ ಸಲ ದನಿಯನ್ನು ಸ್ವಲ್ಪ ಇಳಿಸಿದ.

"ಅತ್ತಿಗೆ, ಬಾಯಿಗಕ್ಕಿ ಹಾಕ್ಬುಟ್ಟು ಹೋಗಿ. ಕಟ್ಕೊಂಡೋರು ಹಾಕ್ದೆ ಮಿಕ್ಕೋರು ಯಾರೂ ಹಾಕಂಗಿಲ್ಲ. ಒಂದು ಗಳಿಗೆ ಕೆಲಸ."

ಒಳಗಿನಿಂದ ಮೊರದಲ್ಲಿ ಹುರುಳಿ ಕೇರುವ ಸದ್ದು ಮಾತ್ರ ಕೇಳಿಸಿತು. ಸಾವಿನ ಮನೆಯಲ್ಲಿ ಇವತ್ತು ಒಲೆ ಹಚ್ಚುವಂತಿಲ್ಲ. ಹಾಗಿದ್ದ ಮೇಲೆ ಆ ಹುರುಳಿ ಯಾರಿಗೆ ಎಂದು ವನಜಮ್ಮನನ್ನು ಕೇಳುವಷ್ಟು ಗುಂಡಿಗೆ ನೆರೆದವರಲ್ಲಿ ಯಾರಿಗೂ ಇರಲಿಲ್ಲ.

ಲಿಂಗ ಅಂಗಳಕ್ಕೆ ಬಂದು ಅಣ್ಣನ ಮಗಳ ಪಕ್ಕದಲ್ಲಿ ಕುಕ್ಕರಿಸಿದ.

"ನೀನಾದ್ರೂ ಹೇಳವ್ವ ಉಷಾ. ನಾಲ್ಕು ಗಂಟೆ ಒಳಗೆ ಎತ್ಬೇಕು. ಮಶಾಣದ ಹತ್ರ ಮೂರು ಆನೆ ಅವೆ ಅಂತ ಫಾರೆಸ್ಟ್‌ನೋರ ಮೆಸೇಜು ಬಂದದೆ. ನಿಮ್ಮವ್ವ ನಿನ್ನ ಮಾತು ಬುಟ್ರೆ ಇನ್ಯಾರ ಮಾತೂ ಕೇಳಕಿಲ್ಲ."

ಉಷಾರಾಣಿ ತಲೆಯಾಡಿಸಿದಳು, ಏಳಲಿಲ್ಲ. ಚಪ್ಪರದಡಿ ಅಪ್ಪ ಜವರಯ್ಯ ಮಲಗಿದ್ದ. ನಿನ್ನೆ ಬೆಳಿಗ್ಗೆ ಕೊಪ್ಪಲಿನ ಮಕ್ಕಳನ್ನು ಬಸ್ಸು ಹತ್ತಿಸಿ, ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅರವತ್ತೆಂಟು ವರ್ಷ. ಯಾರನ್ನೂ ಕಾಯಿಸದೆ ಹೋದ ಎಂದು ಜನ ಮೆಚ್ಚಿ ಮಾತಾಡುತ್ತಿದ್ದರು.

ಹೆಂಡತಿ ವನಜಮ್ಮ ಅವನೊಂದಿಗೆ ಮಾತಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಅನ್ನ ಹಾಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಸಿ ತಲೆದೆಸೆಯಲ್ಲಿಟ್ಟು ಹೋಗುತ್ತಿದ್ದಳು. ಮಾತು ಮಾತ್ರ ಇಲ್ಲ. ಹೇಳಲೇಬೇಕಾದದ್ದನ್ನು ಬೆಕ್ಕಿಗೆ ಹೇಳುತ್ತಿದ್ದಳು: "ಸೊಸೈಟಿಗೆ ಅಕ್ಕಿ ಬಂದದಂತೆ ಕಣೆ." ಬೆಕ್ಕಿನ ಪಕ್ಕದಲ್ಲಿ ಕೂತ ಜವರಯ್ಯ ಚೀಲ ಹಿಡಿದು ಎದ್ದುಹೋಗುತ್ತಿದ್ದ. ಕೊಪ್ಪಲಿನ ಪಡ್ಡೆಗಳು ಆ ಬೆಕ್ಕಿಗೆ ಪೋಸ್ಟ್‌ಮ್ಯಾನ್ ಎಂದು ಹೆಸರಿಟ್ಟಿದ್ದರು. ಒಂದು ಸತ್ತರೆ ಇನ್ನೊಂದು ಬಂತು, ಹೆಸರು ಅದೇ ಉಳಿಯಿತು. ನಗುವವರಿಗೇನು, ನಕ್ಕರು. ಆ ಮನೆಯೊಳಗೆ ಒಂದು ದಿನ ಇದ್ದು ನೋಡಿದ್ದರೆ ನಗು ಬರುತ್ತಿರಲಿಲ್ಲ.

ಗಂಡನಿಗೆ ಇಲ್ಲವಾದ ಮಾತು, ಅಕ್ಕರೆ ಎಲ್ಲವೂ ಮಗಳ ಪಾಲಿಗೆ ಬಂತು. ಉಷಾರಾಣಿ ಮದುವೆಯಾಗಿ ನಾಪೋಕ್ಲಿಗೆ ಹೋದ ಮೇಲೂ, ಅಂಗನವಾಡಿ ಟೀಚರಾದ ಮೇಲೂ ವನಜಮ್ಮ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದಳು. "ಉಂಡೇನವ್ವ?" ಎಂದು ಶುರುವಾದರೆ ಚಾರ್ಜು ಮುಗಿಯುವವರೆಗೂ ನಿಲ್ಲುತ್ತಿರಲಿಲ್ಲ.

ಪಕ್ಕದ ಮನೆಯ ಕಾವ್ಯಶ್ರೀ ಟೀ ಲೋಟ ತಂದು ಉಷಾಳ ಕೈಗಿಟ್ಟಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಬೆಂಚು. ಈಗ ಅವಳ ಎರಡು ಮಕ್ಕಳೂ ಜವರಯ್ಯನ ಜೊತೆಯಲ್ಲೇ ಬಸ್‌ಸ್ಟಾಪಿಗೆ ನಡೆಯುತ್ತಿದ್ದವು.

"ನನ್ನ ಕರ್ಕೊಂಡೋದ್ರು, ನನ್ನ ಮಕ್ಳನ್ನೂ ಕರ್ಕೊಂಡೋದ್ರು ಕಣೆ ಜವರಮಾವ," ಎಂದು ಮೂಗು ಒರೆಸಿಕೊಂಡಳು. "ಒಂದು ಎಲೆ ಅಡಿಕೆನೂ ಮುಟ್ಲಿಲ್ಲ. ದೊಡ್ಡ ದೊಡ್ಡವನ್ನೆಲ್ಲ ದೇವ್ರು ಪುಕ್ಸಟ್ಟೆನೇ ಕೊಡ್ತಾನೆ ನೋಡು. ಗಾಳಿ, ನೀರು, ನಿಮ್ಮಪ್ಪನಂತೋರು."

ಟೀ ತುಳುಕಿ ಉಷಾಳ ಕೈ ಸುಟ್ಟಿತು. ಅವಳು ಲೋಟವನ್ನು ಕೆಳಗಿಡಲಿಲ್ಲ.

*

ಅರಕಲಗೂಡಿನ ಕಡೆಯಿಂದ ಬಂದವರು ಕುಶಾಲನಗರದಾಚೆ ಕಾಡಂಚಿನಲ್ಲಿ ಹದಿನಾಲ್ಕು ಮನೆ ಕಟ್ಟಿಕೊಂಡು ಬಸವನಕೊಪ್ಪಲು ಎಂದು ಹೆಸರಿಟ್ಟರು. ಸ್ಕೂಲಿನ ಬಸ್ಸು ಕೊಪ್ಪಲಿನೊಳಗೆ ಬರುತ್ತಿರಲಿಲ್ಲ. ಟಾರು ರಸ್ತೆಗೆ ಎರಡು ಕಿಲೋಮೀಟರು, ದಾರಿ ಕಾಫಿ ಎಸ್ಟೇಟಿನ ನಡುವೆ. ಹಲಸು ಹಣ್ಣಾಗುವ ಕಾಲದಲ್ಲಿ ಆನೆಗಳಿಗೂ ಅದೇ ದಾರಿ.

ಜವರಯ್ಯ ಎಸ್ಟೇಟಿನಲ್ಲಿ ವಾಚ್‌ಮನ್ ಆಗಿದ್ದವನು. ಲದ್ದಿಗೆ ಕಾಲು ತಾಗಿಸಿ ಬಿಸಿಯೋ ತಣ್ಣಗೋ ನೋಡಿ, ಆನೆ ಎಷ್ಟು ದೂರ ಹೋಗಿದೆ ಎಂದು ಹೇಳುತ್ತಿದ್ದ. ಅವನು ಮುಂದೆ, ಮಕ್ಕಳು ಹಿಂದೆ ಸಾಲಾಗಿ. ಆದರೆ ಸಾಲು ಎಂದ ಮೇಲೆ ಅದಕ್ಕೊಂದು ಕೊನೆ ಇರಲೇಬೇಕಲ್ಲ. ಹಿಂದಿನಿಂದ ಆನೆ ಬಂದರೆ ಮೊದಲು ಸಿಗುವುದು ಕೊನೆಯ ಮಗು. ನಮ್ಮ ಹುಡುಗಿ ಯಾಕೆ ಕೊನೆಗೆ, ನಮ್ಮ ಹುಡುಗ ಯಾಕೆ ಎಂದು ಹದಿನಾಲ್ಕು ಮನೆಯವರೂ ಕಿತ್ತಾಡಿದರು.

"ಬಾಲ ನಮ್ದು. ಮುಗೀತಲ್ಲ?" ಎಂದ ಜವರಯ್ಯ.

ಅಲ್ಲಿಗೆ ಜಗಳ ಮುಗಿಯಿತು. ಅವತ್ತಿನಿಂದ ಸಾಲಿನ ಕೊನೆಯಲ್ಲಿ ಉಷಾ, ಅವಳ ಮುಂದೆ ತಮ್ಮ ಸುದೀಪ. ದೊಡ್ಡವಳು ಹಿಂದೆ ಎಂಬುದು ಅಪ್ಪನ ಕಟ್ಟಪ್ಪಣೆ.

ಇಪ್ಪತ್ತೆರಡು ವರ್ಷದ ಹಿಂದಿನ ಆ ಜುಲೈಯಲ್ಲಿ ಅವಳಿಗೆ ಹದಿಮೂರು, ಅವನಿಗೆ ಒಂಬತ್ತು. ಕಾವ್ಯಶ್ರೀ ಆಗಷ್ಟೇ ಚಿಕ್ಕಮ್ಮನ ಮದುವೆ ಮುಗಿಸಿ ಬಂದಿದ್ದಳು. ಹೊಟ್ಟೆ ತುಂಬ ಸುದ್ದಿ ಇಟ್ಟುಕೊಂಡು ಸಾಲಿನ ನಡುವೆ ನಡೆಯುತ್ತಿದ್ದಳು.

"ಸುದೀಪ, ಇವತ್ತೊಂದಿನ ನೀನು ಹಿಂದೆ ಬಾರೋ," ಎಂದಳು ಉಷಾ.

"ಏನ್ ಕೊಡ್ತೀಯ?"

"ಮಧ್ಯಾಹ್ನ ಒಂದು ಕಡಲೆಮಿಠಾಯಿ."

"ಎರಡು."

"ಆಯ್ತು, ಎರಡು."

ತಿರುವಿನಲ್ಲಿ ಅಪ್ಪ ಒಮ್ಮೆ ಹಿಂತಿರುಗಿ ನೋಡಿದ. ಮಗಳು ನಡುವೆ ಇರುವುದು ಕಂಡು ಗದರಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದೆ ಕಾಫಿಗಿಡಗಳು ಲಟಲಟನೆ ಮುರಿದವು.

ಸಂಜೆ ಅಂಗಳದಲ್ಲಿ ಇದೇ ಜಾಗದಲ್ಲಿ, ವನಜಮ್ಮ ಗಂಡನ ಅಂಗಿ ಹಿಡಿದು ಅಲುಗಾಡಿಸಿದಳು. "ಕೊನೇಲಿ ಬರೋಳು ಉಷಾ ಅಲ್ವಾ? ನನ್ ಕೂಸು ಹೆಂಗೆ ಹಿಂದಕ್ಕೋಯ್ತು? ಹೇಳಿ, ಹೆಂಗೆ ಹೋಯ್ತು?"

ಉಷಾ ಬಾಯಿ ತೆರೆದಳು.

"ನಾನೇ ನಿಲ್ಸಿದ್ದು," ಎಂದ ಜವರಯ್ಯ.

ವನಜಮ್ಮ ಅಂಗಿ ಬಿಟ್ಟಳು. ಆಮೇಲೆ ಅವನಿಗೆ ಅವಳ ದನಿ ಸಿಕ್ಕಿದ್ದು ಬೆಕ್ಕಿನ ಮೂಲಕವೇ. ಹನ್ನೆರಡನೇ ದಿನದ ಮಾರನೆಗೇ ಅವನು ಮತ್ತೆ ಮಕ್ಕಳನ್ನು ಕರೆದುಕೊಂಡು ಹೊರಟಾಗ ಅವಳ ಎದೆ ಇನ್ನಷ್ಟು ಕಲ್ಲಾಯಿತು. ಈ ಸಲ ಒಂದು ನಾಯಿಯನ್ನು ಮುಂದೆ ಬಿಟ್ಟು ಕೊನೆಯಲ್ಲಿ ತಾನೇ ನಡೆಯುತ್ತಿದ್ದ. ಅದನ್ನು ಅವಳು ನೋಡಲೂ ಇಲ್ಲ.

ಕೊಟ್ಟಿಗೆಯ ಹಿಂದೆ ಅಪ್ಪ ಮಗಳಿಗೆ ಹೇಳಿದ್ದು ಒಂದೇ ಸಲ. "ನಿನ್ನ ಬಾಯಿಂದ ಇದು ಯಾವತ್ತೂ ಬರಬಾರ್ದು ಕಣವ್ವ. ನಿಮ್ಮವ್ವಂಗೆ ನೀನೊಬ್ಳಾದ್ರೂ ಇರ್ಲಿ."

ಹದಿಮೂರರ ಹುಡುಗಿ ಅದನ್ನು ಎರಡೂ ಕೈಯಿಂದ ಬಾಚಿಕೊಂಡಳು. ಬದುಕಿಕೊಂಡೆ ಎನಿಸಿತ್ತು. ಅಪ್ಪ ಬೆಕ್ಕಿನ ಪಕ್ಕ ಕೂತು ಉಣ್ಣುವುದನ್ನು ನೋಡುತ್ತ ನೋಡುತ್ತ ಬೆಳೆದ ಮೇಲೆ, ಹೇಳಿಬಿಡುತ್ತೇನೆ ಎಂದು ಎಷ್ಟೋ ಸಲ ಅವನೆದುರು ನಿಂತಿದ್ದಳು. ಅವನು ಪ್ರತಿಸಲವೂ ಮುಗಿಲು ನೋಡಿ, "ಮಳೆ ಬರಂಗದೆ, ಬೇಗ ಹೊರಡು," ಎನ್ನುತ್ತಿದ್ದ. ಎಷ್ಟೋ ದಿನ ಮುಗಿಲಿನಲ್ಲಿ ಒಂದು ಮೋಡವೂ ಇರುತ್ತಿರಲಿಲ್ಲ.

*

ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಉಷಾ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ ಅವ್ವನೆದುರು ಕೂತಳು. ವನಜಮ್ಮ ಮೊರ ಪಕ್ಕಕ್ಕಿಟ್ಟು ಮಗಳ ಮೊಣಕಾಲ ಮೇಲೆ ಕೈಯಿಟ್ಟಳು.

"ಬೆಳಿಗ್ಗೆಯಿಂದ ಏನಾರ ಹೊಟ್ಟೆಗೆ ಹಾಕ್ಕಂಡೇನವ್ವ? ಮುಖ ಸೊರಗೋಗದೆ."

"ಅವ್ವ, ಬಾ. ಅಪ್ಪನ ಬಾಯಿಗಕ್ಕಿ ಹಾಕು."

"ಅದೊಂದು ಕೇಳ್ಬೇಡ. ಕೂಸನ್ನ ಆನೆ ಬಾಯಿಗೆ ಕೊಟ್ಟೋರ ಬಾಯಿಗೆ ನಾನು ಅಕ್ಕಿ ಹಾಕಲ್ಲ. ನೀನು ಹಾಕೋಗು. ಮಗಳಲ್ವಾ, ಸಾಕು."

ಉಷಾ ಆ ಕೈಯನ್ನೇ ನೋಡಿದಳು. ಬೆರಳ ಸಂದಿಯಲ್ಲಿ ಹುರುಳಿಯ ದೂಳು ಮೆತ್ತಿತ್ತು. ಸುಮ್ಮನಿದ್ದರೆ ಈ ಕೈ ಸಾಯುವವರೆಗೂ ಅವಳದ್ದೇ. ಅಪ್ಪ ಬಯಸಿದ್ದೂ ಅದನ್ನೇ. ಆದರೆ ಹೊರಗೆ ಆ ಮನುಷ್ಯ, ಹೆಂಡತಿಯ ಕೈಯ ನಾಲ್ಕು ಕಾಳು ಅಕ್ಕಿಯಿಲ್ಲದೆ ಮಣ್ಣಿಗೆ ಹೋಗುವುದರಲ್ಲಿದ್ದ.

"ಸುದೀಪನ್ನ ಹಿಂದಕ್ಕೆ ಕಳ್ಸಿದ್ದು ಅಪ್ಪ ಅಲ್ಲವ್ವ. ನಾನು."

ವನಜಮ್ಮನಿಗೆ ಅರ್ಥವಾಗಲಿಲ್ಲ. "ಅವ್ರೇ ಹೇಳಿದ್ರಲ್ಲ," ಎಂದಳು.

"ಸುಳ್ಳು ಹೇಳಿದ್ರು."

"ಯಾಕೆ?"

"ನಿಂಗೆ ನಾನೊಬ್ಳಾದ್ರೂ ಇರ್ಲಿ ಅಂತ."

ಹೊರಗೆ ಯಾರೋ ಕೆಮ್ಮಿದರು, ಯಾರದೋ ಫೋನು ರಿಂಗಾಗಿ ನಿಂತಿತು. ವನಜಮ್ಮ ಒಲೆಯ ಬೂದಿಯತ್ತ ತಿರುಗಿದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದಳು.

"ನೀ ಹೇಳ್ದೇಟ್ಗೆ ಸುಮ್ನೆ ಹೋದ್ನಾ ಅವನು?"

"ಇಲ್ಲ. ಎರಡು ಕಡಲೆಮಿಠಾಯಿ ಕೇಳ್ದ."

"ಕೊಟ್ಯಾ?"

"ಮಧ್ಯಾಹ್ನ ಕೊಡ್ತೀನಿ ಅಂದಿದ್ದೆ ಕಣವ್ವ."

ವನಜಮ್ಮ ಮಗಳ ಮೊಣಕಾಲಿನಿಂದ ಕೈ ತೆಗೆದಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಉಷಾಳಿಗೆ ಅಳು ಒತ್ತರಿಸಿ ಬಂತು. ಬೈದಿದ್ದರೆ, ಹೊಡೆದಿದ್ದರೆ, ಅಂಗಿ ಹಿಡಿದು ಅಲುಗಾಡಿಸಿದ್ದರೆ ತಡೆದುಕೊಳ್ಳಬಹುದಿತ್ತು.

"ಅವ್ವ," ಎಂದಳು.

ವನಜಮ್ಮ ಗೋಡೆ ಹಿಡಿದು ಎದ್ದಳು. ಆಸರೆಗೆಂದು ಮಗಳು ಚಾಚಿದ ಕೈಯನ್ನು ಹಿಡಿಯಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲು ತೆರೆದು ಅಂಗಳಕ್ಕೆ ನಡೆದಳು.

ಜನ ದಾರಿ ಬಿಟ್ಟರು. ಲಿಂಗ ಅಕ್ಕಿಯ ತಟ್ಟೆ ಚಾಚಿದ. ಅವಳು ಚಿಟಿಕೆಯಷ್ಟು ತೆಗೆದು ಗಂಡನ ತುಟಿಯ ನಡುವೆ ಇಟ್ಟಳು. ಒಂದು ಕಾಳು ಗಲ್ಲಕ್ಕೆ ಜಾರಿತು, ಅದನ್ನು ಬೆರಳಿನಿಂದ ಹೆಕ್ಕಿ ಮತ್ತೆ ಬಾಯಿಗೇ ಇಟ್ಟಳು. ಇನ್ನು ಅತ್ತುಬಿಡುತ್ತಾಳೆ ಎಂದು ಹೆಂಗಸರು ಹತ್ತಿರ ಸರಿದರು. ಅವಳು ಅಳಲಿಲ್ಲ. ಕಾಲು ಮಡಚಿ ಅವನ ತಲೆಯ ಪಕ್ಕದಲ್ಲಿ ಕೂತಳು.

"ನೋಡಿ ಇಲ್ಲಿ," ಎಂದಳು. ಸವೆದ ದನಿ. "ಕೂಸು ಹೋದ ವರ್ಸ ಸುಗ್ಗೀಲಿ ಬಿಳಿ ಹಸ ಕರ ಹಾಕ್ತಲ್ಲ, ಹೆಣ್ಗರ, ನೀವು ಎಸ್ಟೇಟಿಂದ ಬರೋ ಹೊತ್ಗೆ ಎದ್ದು ನಿಂತಿತ್ತು. ನಿಮ್ಗೆ ಹೇಳ್ಬೇಕು ಅಂತ ಬಾಗ್ಲಗಂಟ ಬಂದಿದ್ದೆ. ಹೇಳ್ನಿಲ್ಲ. ಆಮೇಲೆ ನನ್ ತಮ್ಮ ತೀರ್ಕೊಂಡಾಗ ನೀವು ಬಸ್ಸಲ್ಲಿ ನನ್ ಹಿಂದಿನ ಸೀಟಲ್ಲಿ ಕುಂತಿದ್ರಿ. ಅವನು ನಂಗೆ ಕೊನೇಗೆ ಏನಂದಿದ್ದ ಗೊತ್ತಾ..."

ಲಿಂಗ ಒಂದು ಹೆಜ್ಜೆ ಮುಂದೆ ಬಂದು, "ಅತ್ತಿಗೆ, ಹೊತ್ತಾಗ್ತದೆ," ಎನ್ನಲು ಹೋದವನು ಅಕ್ಕಿಯ ತಟ್ಟೆ ಕೆಳಗಿಟ್ಟ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಚಟ್ಟದ ನಾಲ್ಕು ಮೂಲೆಗೆ ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಅಡುಗೆಮನೆಯ ಹೊಸ್ತಿಲಲ್ಲಿ ಉಷಾರಾಣಿ ಒಬ್ಬಳೇ ನಿಂತಿದ್ದಳು. ಅತ್ತ ಯಾರೂ ನೋಡಲಿಲ್ಲ, ಅವಳ ಅವ್ವನೂ ನೋಡಲಿಲ್ಲ. ಗಂಡನ ಕಿವಿಯ ಹತ್ತಿರಕ್ಕೆ ಬಾಗಿ ವನಜಮ್ಮ ಹೇಳುತ್ತಲೇ ಇದ್ದಳು. ಇಪ್ಪತ್ತೆರಡರಲ್ಲಿ ಈಗಿನ್ನೂ ಎರಡನೇ ವರ್ಷಕ್ಕೆ ಬಂದಿದ್ದಳು.